ಹೆಣಿಗೆಯ ಕಡ್ಡಿ, ದುಡಿಮೆಯ ಲೆಕ್ಕ

(ಮಹಿಳೆಯರ ಕೈಕಸುಬಿನ ಪ್ರದರ್ಶನವೊಂದರ ಸಮಾರೋಪದಲ್ಲಿ ಮಾಡಿದ ಭಾಷಣದ ಬರಹರೂಪ)



ಒಳಗೆ ಬರುವಾಗ ಬಾಗಿಲ ಬಳಿಯ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಸ್ವೆಟರು, ಮಫ್ಲರು, ಮಗುವಿನ ಕುಲಾವಿ, ಕಾಲುಚೀಲ, ಅಜ್ಜಂದಿರ ಮಂಕಿಕ್ಯಾಪು, ಕ್ರೋಷಾ ಶಾಲು ಎಲ್ಲವೂ ಅಲ್ಲಿವೆ. ಒಂದೊಂದಕ್ಕೂ ಬೆಲೆಯ ಚೀಟಿ ಸಿಕ್ಕಿಸಿದ್ದೀರಿ. ಮಗುವಿನ ಸ್ವೆಟರಿನ ಚೀಟಿ ನೋಡಿ, ಪಕ್ಕದಲ್ಲಿದ್ದ ಕಾರ್ಯಕರ್ತೆಯನ್ನು ಕೇಳಿದೆ: 'ಈ ಬೆಲೆ ಹೇಗೆ ಹಾಕಿದಿರಮ್ಮ?' ಆಕೆ ಸಂಕೋಚದಿಂದ ಹೇಳಿದರು: 'ಉಲ್ಲನ್ ತಂದ ದುಡ್ಡು, ಅದರ ಮೇಲೆ ಒಂದಿಷ್ಟು.' 'ಕೂಲಿ ಎಷ್ಟು ಹಿಡಿದಿರಿ?' ಎಂದೆ. 'ಕೂಲಿ ಏನು ಬಂತು ಸಾರ್, ಹೊತ್ತು ಹೋಗಲಿ ಅಂತ ಮಾಡಿದ್ದು' ಎಂದರು.

ಇವತ್ತು ನಾನು ಮಾತಾಡಬೇಕೆಂದು ಬರೆದುಕೊಂಡು ಬಂದದ್ದು ಹೆಣಿಗೆಯ ಇತಿಹಾಸ. ಆದರೆ ಆ ತಾಯಿಯ ಒಂದು ಮಾತಿನಲ್ಲಿ ಆ ಇತಿಹಾಸದ ಅರ್ಧ ಭಾಗ ಅಡಗಿದೆ ಎನ್ನಿಸಿತು. ಹೆಣಿಗೆ ಹೊತ್ತು ಕಳೆಯುವ ಬಾಬತ್ತೋ, ದುಡಿಮೆಯೋ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದಿನ ಶತಮಾನಗಳನ್ನು ಒಮ್ಮೆ ಸುತ್ತಿ ಬರೋಣ.

ಮೊದಲು ನನ್ನ ಮನೆಯ ಒಂದು ಮಾತು. ನಮ್ಮದು ಮಲೆನಾಡಿನ ಅಂಚಿನ ಸಣ್ಣ ಪೇಟೆ. ಮಳೆಗಾಲ ಹಿಡಿಯಿತೆಂದರೆ ನಾಲ್ಕು ತಿಂಗಳು ಬಟ್ಟೆ ಒಣಗದ ಊರು. ನನ್ನ ಅಮ್ಮ ಪೇಟೆಯ ಒಂದು ಅಂಗಡಿಗೆ ಹಸುಗೂಸಿನ ಉಡುಪು ಹೆಣೆದು ಕೊಡುತ್ತಿದ್ದಳು. ಅಂಗಡಿಯವರು ಉಲ್ಲನ್ನನ್ನು ತಕ್ಕಡಿಯಲ್ಲಿ ತೂಗಿ ಕೊಡುವರು. ಹೆಣೆದು ತಂದದ್ದನ್ನೂ ಉಳಿದ ದಾರವನ್ನೂ ಮತ್ತೆ ತೂಗಿ ತೆಗೆದುಕೊಳ್ಳುವರು. ಟೋಪಿ, ಅಂಗಿ, ಕಾಲುಚೀಲ ಸೇರಿ ಒಂದು ಜೊತೆಗೆ ಮೂರು ರೂಪಾಯಿ. 1960ರ ದಶಕದ ಮಾತು ಇದು. ಉಲ್ಲನ್ ಲಡಿಯನ್ನು ಎರಡೂ ಕೈಗೆ ಸಿಕ್ಕಿಸಿಕೊಂಡು ಕೂರುವುದು ನನ್ನ ಕೆಲಸ; ಅಮ್ಮ ಎದುರಿಗೆ ಕೂತು ಉಂಡೆ ಸುತ್ತುವಳು. ಕೈ ಸೋತು ಕೆಳಗಿಳಿದರೆ 'ಎತ್ತೋ, ಸಿಕ್ಕಾಗುತ್ತೆ' ಎಂದು ಗದರುವಳು. ನಾನು ಹೈಸ್ಕೂಲು ಸೇರಿದಾಗ ಕಟ್ಟಿದ ಫೀಜು ಅದೇ ದುಡ್ಡು. ಆ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂಬ ಕಡೆ ನಾನೇ ನನ್ನ ಕೈಯಾರೆ ದುಂಡಾಗಿ ಬರೆದೆ: 'ಇಲ್ಲ'. ಅಮ್ಮ ಪಕ್ಕದಲ್ಲೇ ಇದ್ದಳು. ಸರಿಯಾಗಿ ಬರೆದಿದ್ದೇನೆಂದೇ ನಾವಿಬ್ಬರೂ ತಿಳಿದಿದ್ದೆವು.

ನೇಯುವುದು ಬೇರೆ, ಹೆಣೆಯುವುದು ಬೇರೆ

ಕನ್ನಡದಲ್ಲಿ ನೇಯ್ಗೆ ಮತ್ತು ಹೆಣಿಗೆ ಎಂಬ ಎರಡು ಮಾತುಗಳಿವೆ. ಅವೆರಡೂ ಒಂದೇ ಅಲ್ಲ. ನೇಯುವುದಕ್ಕೆ ಎರಡು ಜಾತಿಯ ನೂಲು ಬೇಕು. ಉದ್ದಕ್ಕೆ ಬಿಗಿದು ಕಟ್ಟಿದ್ದು ಹಾಸು, ಅಡ್ಡಕ್ಕೆ ತೂರಿ ಬರುವುದು ಹೊಕ್ಕು. ಅದಕ್ಕೆ ಮಗ್ಗ ಬೇಕು, ಮಗ್ಗ ಹೂಡಲು ಜಾಗ ಬೇಕು. ಹೆಣೆಯುವುದಕ್ಕೆ ಇದೊಂದೂ ಬೇಡ. ಜಡೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಬಲೆ ಹೆಣೆಯುತ್ತೇವೆ. ಸ್ವೆಟರು ಬಂದಾಗ ಜನ ಅದಕ್ಕೂ ಇದೇ ಮಾತನ್ನು ಹಚ್ಚಿದರು. ಹಚ್ಚಿದ್ದು ಸರಿಯಾಗಿಯೇ ಇದೆ.

ಹೆಣಿಗೆಯ ಬಟ್ಟೆ ಒಂದೇ ಎಳೆಯಿಂದ ಆಗುವ ಬಟ್ಟೆ. ಒಂದು ಕಡ್ಡಿಯ ಮೇಲೆ ಸಾಲಾಗಿ ಕುಣಿಕೆಗಳನ್ನು ಹಾಕಿಕೊಂಡು, ಎರಡನೆಯ ಕಡ್ಡಿಯಿಂದ ಪ್ರತಿಯೊಂದು ಕುಣಿಕೆಯ ಒಳಗಿಂದ ಹೊಸ ಕುಣಿಕೆಯೊಂದನ್ನು ಎಳೆಯುತ್ತಾ ಹೋಗುತ್ತೀರಿ. ಎದುರಿಗೆ ಎಳೆದರೆ ಒಂದು ಬಗೆ, ಹಿಂದಕ್ಕೆ ಎಳೆದರೆ ಇನ್ನೊಂದು ಬಗೆ. ನಮ್ಮ ಹೆಂಗಸರು ಸೀದಾ, ಉಲ್ಟಾ ಎನ್ನುತ್ತಾರೆ. ಲೋಕದ ಹೆಣಿಗೆಯ ವಿನ್ಯಾಸವೆಲ್ಲ ಬಹುಮಟ್ಟಿಗೆ ಈ ಎರಡರ ಕೂಡಿಕೆ. ಕುಣಿಕೆ ಬಾಗುತ್ತದೆ, ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಆದ್ದರಿಂದಲೇ ನೇಯ್ದ ಬಟ್ಟೆಯನ್ನು ಕತ್ತರಿಸಿ ಹೊಲಿದರೂ ಹಿಮ್ಮಡಿಗೆ ಸರಿಯಾಗಿ ಕೂರದು. ಹೆಣೆದ ಕಾಲುಚೀಲ ಚರ್ಮದಂತೆ ಕೂರುತ್ತದೆ. ಕುಣಿಕೆಗಳ ನಡುವೆ ಗಾಳಿ ನಿಲ್ಲುತ್ತದೆ. ಬೆಚ್ಚಗಿಡುವುದು ನಿಜವಾಗಿ ಆ ನಿಂತ ಗಾಳಿಯೇ. ಉಣ್ಣೆಗೆ ಇನ್ನೊಂದು ಗುಣವೂ ಇದೆ. ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಹೀರಿಕೊಂಡರೂ ಅದು ಮುಟ್ಟಿದಾಗ ಒದ್ದೆ ಎನ್ನಿಸುವುದಿಲ್ಲ.

ಒಂದೇ ಎಳೆ ಎಂಬುದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ಒಂದು ಕುಣಿಕೆ ಜಾರಿದರೆ ಅದರ ಕೆಳಗಿನದೆಲ್ಲ ಏಣಿಯಂತೆ ಬಿಚ್ಚಿಕೊಳ್ಳುತ್ತದೆ. ಆದರೆ ಮಗ ಬೆಳೆದು ಸ್ವೆಟರು ಚಿಕ್ಕದಾದಾಗ ಪೂರ್ತಿ ಬಿಚ್ಚಿ, ಲಡಿ ಮಾಡಿ, ತೊಳೆದು, ಇನ್ನೊಂದು ಬಣ್ಣ ಸೇರಿಸಿ ತಂಗಿಗೆ ಹೆಣೆಯಬಹುದು. ನಮ್ಮ ಮನೆಯಲ್ಲಿ ಒಂದೇ ಉಲ್ಲನ್ನು ಮೂರು ಮಕ್ಕಳ ಮೈ ಕಂಡಿತ್ತು.

ಕ್ರೋಷಾ ಇದರ ದಾಯಾದಿ. ಅದಕ್ಕೆ ಎರಡು ಕಡ್ಡಿ ಬೇಡ, ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ ಸಾಕು. ಪ್ರತಿ ಕುಣಿಕೆಯನ್ನೂ ಅಲ್ಲಲ್ಲೇ ಮುಗಿಸಿ ಮುಂದೆ ಹೋಗುವುದರಿಂದ ಕಡ್ಡಿಯ ಮೇಲೆ ಸಾಮಾನ್ಯವಾಗಿ ಒಂದೇ ಕುಣಿಕೆ ಬಿಡುವಾಗಿರುತ್ತದೆ. ಹೆಣಿಗೆಗೆ ಯಂತ್ರ ಬಂದು ನಾಲ್ಕು ಶತಮಾನ ಕಳೆಯಿತು. ನಿಜವಾದ ಕ್ರೋಷಾ ಮಾತ್ರ ಇಂದಿಗೂ ಕೈಯ ಕೆಲಸವೇ. ಅಂಗಡಿಯಲ್ಲಿ ಅಗ್ಗದ ಕ್ರೋಷಾ ಉಡುಪನ್ನು ಕಂಡರೆ ಎರಡರಲ್ಲೊಂದು ಎಂದು ತಿಳಿಯಿರಿ: ಯಂತ್ರ ಮಾಡಿದ ಅನುಕರಣೆ, ಇಲ್ಲವೇ ಯಾವುದೋ ಕೈಗೆ ಸಲ್ಲಬೇಕಾದ ಕೂಲಿ ಸಲ್ಲದೆ ಹೋದದ್ದು.

ಕಂಬಳಿಯ ನಾಡಿನಲ್ಲಿ ಹೆಣಿಗೆ ಏಕಿರಲಿಲ್ಲ?

ನಮ್ಮಲ್ಲಿ ಉಣ್ಣೆಗೆ ಕೊರತೆಯಿರಲಿಲ್ಲ. ಚಿತ್ರದುರ್ಗ, ಬಳ್ಳಾರಿ, ಹಾವೇರಿಯ ಬಯಲಿನಲ್ಲಿ ಕುರುಬರು ಶತಮಾನಗಳಿಂದ ಕುರಿ ಕಾಯ್ದಿದ್ದಾರೆ. ಚಳ್ಳಕೆರೆಯ ಕಂಬಳಿ, ಮೆಡ್ಲೇರಿಯ ಕಂಬಳಿ ಇಂದಿಗೂ ಹೆಸರಾದವು. ಹೀಗಿದ್ದೂ ನಾವು ಸ್ವೆಟರು ಹೆಣೆಯಲಿಲ್ಲ. ಕಾರಣ ಉಣ್ಣೆಯಲ್ಲೇ ಇದೆ. ದಖ್ಖನಿ ಕುರಿಯ ಉಣ್ಣೆ ಒರಟು. ಎಳೆ ದಪ್ಪ, ನಡುವೆ ಕೂದಲು. ಮೆರಿನೋ ಕುರಿಯ ಎಳೆಯ ದಪ್ಪ ಸುಮಾರು 20 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ಎಳೆಯ ದಪ್ಪ 30 ಮೈಕ್ರಾನ್ ದಾಟಿತೆಂದರೆ ಅದರ ತುದಿ ಚರ್ಮಕ್ಕೆ ಚುಚ್ಚತೊಡಗುತ್ತದೆ. ನಮ್ಮ ಉಣ್ಣೆಯ ಬಹುಪಾಲು ಆ ಗೆರೆಯ ಆಚೆಯದು. ಕಂಬಳಿಯಲ್ಲಿ ಕೂತು ಉಣ್ಣುವವನು ಕೂದಲು ಎಣಿಸಬಾರದು ಎಂಬರ್ಥದ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಆದರೆ ಮೈಗೆ ಚುಚ್ಚುವ ಅದೇ ಎಳೆ ಮಳೆಗೆ ಗೋಡೆ. ಹೆಂಗಸರು ನೂಲು ತೆಗೆದು, ಹಾಸಿಗೆ ಹುಣಸೆಬೀಜದ ಗಂಜಿ ಹಾಕಿ, ಗಂಡಸರು ಕುಳಿಮಗ್ಗದಲ್ಲಿ ನೇಯ್ದ ಕಂಬಳಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಮದುವೆ, ಹಬ್ಬದಲ್ಲಿ ದೇವರ ಗದ್ದುಗೆಯೂ ಹೌದು. ಮಲೆನಾಡಿನ ಗದ್ದೆಯಲ್ಲಿ ಅದನ್ನೇ ಮಡಿಸಿ ತಲೆಯಿಂದ ಇಳಿಬಿಟ್ಟರೆ ಕಂಬಳಿಕೊಪ್ಪೆ. ಬಿಸಿಲು, ಮಳೆ, ಮುಳ್ಳು ಎಲ್ಲಕ್ಕೂ ಒಂದೇ ಉಡುಪು ಸಾಕಾಗಿತ್ತು. ಅಂಥ ಉಣ್ಣೆಯಿಂದ ಅಂಗಿ ಹೆಣೆದು ತೊಡುವ ಅಗತ್ಯವೂ ಬರಲಿಲ್ಲ, ಅನುಕೂಲವೂ ಇರಲಿಲ್ಲ. ಹೆಣಿಗೆ ನಮಗೆ ಬಂದದ್ದು ಬೇರೆಯವರ ಉಣ್ಣೆಯೊಂದಿಗೆ, ಬೇರೆಯವರ ಕಡ್ಡಿಯೊಂದಿಗೆ.

ಬಿಸಿಲುನಾಡಿನ ಕಾಲುಚೀಲ

ಹಾಗಾದರೆ ಅದು ಹುಟ್ಟಿದ್ದು ಎಲ್ಲಿ? ಹಿಮ ಬೀಳುವ ನಾಡಿನಲ್ಲಿ ಎಂದು ಯಾರಾದರೂ ಊಹಿಸುತ್ತಾರೆ. ಸಿಕ್ಕಿರುವ ಸಾಕ್ಷ್ಯ ಮಾತ್ರ ಈಜಿಪ್ಟಿನ ಮರಳಿನದು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನಿಂದ ತಂದ ಒಂದು ಜೊತೆ ಕೆಂಪು ಉಣ್ಣೆಯ ಕಾಲುಚೀಲವಿದೆ. ಸುಮಾರು ನಾಲ್ಕು-ಐದನೆಯ ಶತಮಾನದ್ದು. ಚಪ್ಪಲಿಯ ಪಟ್ಟಿ ಕೂರಲೆಂದು ಹೆಬ್ಬೆರಳಿನ ಪಕ್ಕ ಸೀಳಿದೆ. ನೋಡಲು ಹೆಣಿಗೆಯಂತೆಯೇ ಇದ್ದರೂ ಅದು ಹೆಣಿಗೆಯಲ್ಲ. ಕಣ್ಣಿರುವ ಒಂದೇ ಸೂಜಿಗೆ ತುಂಡು ದಾರ ಪೋಣಿಸಿ, ಪ್ರತಿ ಕುಣಿಕೆಗೂ ಇಡೀ ದಾರವನ್ನು ಎಳೆದು ತೆಗೆಯುವ ಇನ್ನೂ ಹಳೆಯ ವಿಧಾನ ಅದು.

ಎರಡು ಕಡ್ಡಿಯ ನಿಜವಾದ ಹೆಣಿಗೆಯ ಹಳೆಯ ತುಣುಕುಗಳೂ ಈಜಿಪ್ಟಿನವೇ. ಅವು ಹನ್ನೊಂದನೆಯ ಶತಮಾನದಿಂದ ಈಚಿನವು. ನೀಲಿ-ಬಿಳಿ ಪಟ್ಟೆ, ಕೆಲವುದರಲ್ಲಿ ಅರಬ್ಬೀ ಅಕ್ಷರದಂಥ ವಿನ್ಯಾಸ. ಅವು ಹತ್ತಿಯವು ಎಂಬುದನ್ನು ಗಮನಿಸಬೇಕು. ಇಂದು ಚಳಿ ಮತ್ತು ಉಣ್ಣೆಯ ಜೊತೆ ಗಂಟು ಹಾಕಿರುವ ಈ ವಿದ್ಯೆಯ ಮೊದಲ ಗುರುತುಗಳಿರುವುದು ಬಿಸಿಲುನಾಡಿನಲ್ಲಿ, ಹತ್ತಿಯಲ್ಲಿ! ಅಲ್ಲಿಂದ ಅದು ಮುಸ್ಲಿಮರ ಆಳ್ವಿಕೆಯಿದ್ದ ಸ್ಪೇನಿನ ಮೂಲಕ ಯುರೋಪಿಗೆ ಹೋಗಿರಬೇಕೆಂದು ವಿದ್ವಾಂಸರು ಎಣಿಸುತ್ತಾರೆ. ಸ್ಪೇನಿನ ಬುರ್ಗೋಸ್ ಬಳಿಯ ಮಠವೊಂದರಲ್ಲಿ, 1275ರಲ್ಲಿ ತೀರಿಕೊಂಡ ರಾಜಕುಮಾರ ಫರ್ನಾಂಡೊನ ಸಮಾಧಿಯಲ್ಲಿ ರೇಷ್ಮೆಯಲ್ಲಿ ಹೆಣೆದ ದಿಂಬಿನ ಹೊದಿಕೆ ದೊರೆತಿದೆ. ಕ್ರೈಸ್ತ ರಾಜಕುಮಾರನ ತಲೆಯಡಿಯ ಆ ದಿಂಬಿನ ಮೇಲಿರುವುದು ಅರಬ್ಬೀ ಬರಹ.

ಸುಮಾರು 1400ರ ಹೊತ್ತಿಗೆ ಜರ್ಮನಿಯ ಚಿತ್ರಕಾರ ಮಿಂಡೆನ್‌ನ ಬರ್ಟ್ರಾಮ್ ಬರೆದ ಒಂದು ಚಿತ್ರದಲ್ಲಿ ಮಾತೆ ಮೇರಿ ನಾಲ್ಕು ಕಡ್ಡಿ ಹಿಡಿದು ಮಗುವಿನ ಅಂಗಿಯ ಕೊರಳು ಹೆಣೆಯುತ್ತಿದ್ದಾಳೆ. ಮನೆಯಲ್ಲಿ ಹೆಂಗಸು ಹೆಣೆಯುವ ದೃಶ್ಯ ಆಗಲೇ ಜನರ ಕಣ್ಣಿಗೆ ಬಳಕೆಯಾಗಿತ್ತೆಂದು ಇದರಿಂದ ತಿಳಿಯಬಹುದು. ಆದರೆ ಪೇಟೆಯಲ್ಲಿ ಹಣ ತರುವ ಹೆಣಿಗೆ ಯಾರದು? ಅಲ್ಲಿ ಗಂಡಸರ ಕಸುಬುದಾರ ಸಂಘಗಳಿದ್ದವು. ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ, ಮಧ್ಯ ಯುರೋಪಿನ ಕೆಲವು ನಗರಗಳಲ್ಲಂತೂ ದೊಡ್ಡ ಚಿತ್ತಾರದ ಕಂಬಳವನ್ನೇ ಹೆಣೆದು ತೋರಿಸಿದರೆ ಮಾತ್ರ 'ಉಸ್ತಾದ' ಎನ್ನಿಸಿಕೊಳ್ಳಬಹುದಿತ್ತು. ಅದೇ ಕಡ್ಡಿ, ಅದೇ ಕುಣಿಕೆ. ಸಂಘದ ಗಂಡಸು ಹಿಡಿದರೆ ಕಸುಬು, ಮನೆಯ ಹೆಂಗಸು ಹಿಡಿದರೆ ಗೃಹಕೃತ್ಯ. ಈ ಭೇದ ಅಷ್ಟು ಹಳೆಯದು.

ಯಂತ್ರ ಬಂತು, ಹೊಟ್ಟೆಗೆ ಬಂತು

1589ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕೈಯ ಹೆಣಿಗೆಯಲ್ಲಿ ಕುಣಿಕೆಗಳು ಒಂದಾದ ಮೇಲೊಂದು ಆಗುತ್ತವೆ. ಲೀ ಪ್ರತಿ ಕುಣಿಕೆಗೂ ಒಂದೊಂದು ಕೊಕ್ಕೆಸೂಜಿ ಕೊಟ್ಟು ಇಡೀ ಸಾಲನ್ನು ಒಮ್ಮೆಲೇ ಎಳೆಯುವಂತೆ ಮಾಡಿದ. ತಾನು ಮೆಚ್ಚಿದ ಹುಡುಗಿ ತನ್ನ ಕಡೆ ನೋಡದೆ ಹೆಣೆಯುತ್ತಲೇ ಇದ್ದಳೆಂದು ಸಿಟ್ಟಿನಿಂದ ಇದನ್ನು ಕಂಡುಹಿಡಿದ ಎಂಬ ದಂತಕಥೆಯೂ ಇದೆ. ಒಂದನೆಯ ಎಲಿಜಬೆತ್ ರಾಣಿ ಅವನಿಗೆ ಪೇಟೆಂಟ್ ಕೊಡಲಿಲ್ಲ. ಕೈಹೆಣಿಗೆಯಿಂದ ಅನ್ನ ಕಾಣುವ ಬಡ ಪ್ರಜೆಗಳು ತಿರುಪೆಗೆ ಇಳಿಯುತ್ತಾರೆಂದು ರಾಣಿ ಹೇಳಿದಳೆಂಬುದು ಪ್ರತೀತಿ. ಲೀ ಫ್ರಾನ್ಸಿಗೆ ಹೋದ. ಅಲ್ಲಿಯೂ ಏಳಿಗೆಯಾಗದೆ ತೀರಿಕೊಂಡ. ಯಂತ್ರ ಮಾತ್ರ ಇಂಗ್ಲೆಂಡಿಗೆ ಮರಳಿ ಬಂದು ನಾಟಿಂಗ್‌ಹ್ಯಾಮ್ ಸುತ್ತಲಿನ ಸಾವಿರಾರು ಗುಡಿಸಲುಗಳಲ್ಲಿ ನೆಲೆಯೂರಿತು.

ಇನ್ನೂರು ಚಿಲ್ಲರೆ ವರ್ಷದ ಮೇಲೆ ಅದೇ ಸೀಮೆಯ ಯಂತ್ರಹೆಣಿಗೆಯವರೇ ಸುತ್ತಿಗೆ ಹಿಡಿದು ಯಂತ್ರ ಒಡೆಯತೊಡಗಿದರು. 1811ರಲ್ಲಿ ಶುರುವಾದ ಈ ಗಲಭೆಯವರನ್ನು ಲುಡೈಟರು ಎನ್ನುತ್ತಾರೆ. ಯಂತ್ರವೆಂದರೆ ಹೆದರುವ ಮೂಢರು ಎಂಬ ಅರ್ಥದಲ್ಲಿ ಈಗ ಆ ಮಾತು ಬಳಕೆಯಲ್ಲಿದೆ. ನಿಜದಲ್ಲಿ ಅವರು ಜೀವಮಾನವೆಲ್ಲ ಯಂತ್ರದ ಮುಂದೆಯೇ ಕೂತಿದ್ದವರು. ಅವರ ತಕರಾರು ಇದ್ದದ್ದು ಕೂಲಿ ಇಳಿಸಿದ ಒಡೆಯರ ಮೇಲೆ. ಅಗಲ ಯಂತ್ರದಲ್ಲಿ ಬಟ್ಟೆ ತೆಗೆದು, ಕತ್ತರಿಸಿ ಹೊಲಿದು ಕಳಪೆ ಕಾಲುಚೀಲ ಮಾಡಿ, ಒಳ್ಳೆಯ ಮಾಲಿನ ಹೆಸರು ಕೆಡಿಸುತ್ತಿದ್ದುದರ ಮೇಲೆ. 1812ರಲ್ಲಿ ಪಾರ್ಲಿಮೆಂಟು ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಕಾನೂನು ತಂದಿತು. ಅದನ್ನು ವಿರೋಧಿಸಿ ಮಾತಾಡಿದವರಲ್ಲಿ ಕವಿ ಬೈರನ್ ಒಬ್ಬ. ಪ್ರಭುಗಳ ಸಭೆಯಲ್ಲಿ ಅದು ಅವನ ಮೊದಲ ಭಾಷಣ. ಒಂದು ಜೊತೆ ಕಾಲುಚೀಲದ ಕೂಲಿಯ ಜಗಳ ಗಲ್ಲುಗಂಬದವರೆಗೆ ಹೋಗಿತ್ತು ಎಂಬುದನ್ನು ನಾವು ನೆನಪಿಡಬೇಕು.

ಬರಗಾಲದ ಹೂವು

ಈಗ ಕ್ರೋಷಾದ ಕಥೆ. ಇದು ಹೆಣಿಗೆಯಷ್ಟು ಹಳೆಯದಲ್ಲ. ಈಗ ನಾವು ಕಾಣುವ ರೂಪದಲ್ಲಿ ಇದು ಪ್ರಚಾರಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಗೆ ರೋಗ ತಗುಲಿ ಮಹಾ ಕ್ಷಾಮ ಬಂತು. ಹತ್ತು ಲಕ್ಷದಷ್ಟು ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆಗ ಕ್ರೈಸ್ತ ಸನ್ಯಾಸಿನಿಯರು ಮತ್ತು ಕೆಲವು ಉಳ್ಳವರ ಮನೆಯ ಹೆಂಗಸರು ಬಡವರಿಗೆ ಕ್ರೋಷಾ ಕಲಿಸಿದರು. ವೆನಿಸ್ಸಿನ ಬೆಲೆಬಾಳುವ ಲೇಸನ್ನು ಕೊಕ್ಕೆಕಡ್ಡಿಯಿಂದ ಅನುಕರಿಸಿದ ಸಣ್ಣ ನೂಲಿನ ಕೆಲಸ ಅದು. ಕ್ಲೋನ್ಸ್ ಎಂಬ ಊರಿನಲ್ಲಿ 1847ರಲ್ಲಿ ಪಾದ್ರಿಯೊಬ್ಬರ ಹೆಂಡತಿ ಕಸಾಂಡ್ರಾ ಹ್ಯಾಂಡ್ ಈ ಕೆಲಸ ಶುರುಮಾಡಿದರು. ಆ ಲೇಸು ಇಂದಿಗೂ ಊರಿನ ಹೆಸರಿನಲ್ಲೇ ಇದೆ. ಒಂದು ಮನೆಯವರು ಗುಲಾಬಿ ಮಾಡಿದರೆ ಇನ್ನೊಂದು ಮನೆಯವರು ಎಲೆ ಮಾಡುವರು. ಮೂರನೆಯವರು ಅವನ್ನೆಲ್ಲ ಜಾಲರಿಯಿಂದ ಕೂಡಿಸುವರು. ಆ ಕೊಕ್ಕೆಕಡ್ಡಿ ಎಷ್ಟೋ ಮನೆಗಳ ಒಲೆ ಹೊತ್ತಿಸಿತು. ಇಲ್ಲಿ ಯಾರೂ ಹೊತ್ತು ಕಳೆಯಲು ಕೂತಿರಲಿಲ್ಲ.

ಇದೇ ವಿದ್ಯೆ, ಇದೇ ಕಾಲದಲ್ಲಿ ನಮ್ಮ ಪಕ್ಕದ ಆಂಧ್ರಕ್ಕೂ ಬಂತು. ಗೋದಾವರಿ ಮುಖಜಭೂಮಿಯ ನರಸಾಪುರದಲ್ಲಿ 1840ರ ದಶಕದಲ್ಲಿ ಮಿಷನರಿಗಳು ಬಡ ಹೆಂಗಸರಿಗೆ ಲೇಸಿನ ಕೆಲಸ ಕಲಿಸಿದರು. ಅದು ಮುಂದೆ ಮನೆಮನೆಯ ಕ್ರೋಷಾ ಆಯಿತು, ರಫ್ತಿನ ವ್ಯಾಪಾರವೂ ಆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಆಕೆ ಕಂಡದ್ದೇನು? ಮನೆಗೆಲಸ ಮುಗಿಸಿ ದಿನಕ್ಕೆ ಆರರಿಂದ ಎಂಟು ಗಂಟೆ ಕ್ರೋಷಾ ಮಾಡುವ ಹೆಂಗಸರು. ನೂಲು ಕೊಟ್ಟು ಮಾಲು ಒಯ್ಯುವ ದಲ್ಲಾಳಿ ಗಂಡಸರು. ಕನಿಷ್ಠ ಕೂಲಿಯ ಹತ್ತಿರಕ್ಕೂ ಬಾರದ ಸಂಪಾದನೆ. ಇಷ್ಟು ಕಡಮೆ ಕೊಡಲು ಸಾಧ್ಯವಾದದ್ದು ಹೇಗೆ? ಆ ಹೆಂಗಸರನ್ನು ಎಲ್ಲರೂ 'ಗೃಹಿಣಿಯರು' ಎನ್ನುತ್ತಿದ್ದರು. ಅವರ ಕೆಲಸ ಬಿಡುವಿನ ವೇಳೆಯದು, ಬಂದಷ್ಟು ಲಾಭ ಎಂದು ವ್ಯಾಪಾರಿಯೂ ಹೇಳುತ್ತಿದ್ದ, ಗಂಡನೂ ಹೇಳುತ್ತಿದ್ದ. ಮನೆಯಿಂದ ಹೊರಗೆ ಹೋಗಿ ದುಡಿಯುವುದಕ್ಕಿಂತ ಇದು ಮರ್ಯಾದೆ ಎಂದು ಅವರೂ ನಂಬಿದ್ದರು. ಗೃಹಿಣಿ ಎಂಬ ಒಂದು ಮಾತು ರಫ್ತಿನ ಉದ್ಯಮವೊಂದರ ಕೂಲಿಯನ್ನು ಕೆಳಗೆ ಹಿಡಿದಿಟ್ಟಿತ್ತು. ನಾನು ಅರ್ಜಿಯಲ್ಲಿ ಬರೆದ 'ಇಲ್ಲ' ಎಂಬ ಮಾತು ನನಗೆ ಮತ್ತೆ ನೆನಪಾದದ್ದು ಇದನ್ನು ಓದಿದಾಗ.

ಇದು ಬಡ ದೇಶದ ಕಥೆ ಮಾತ್ರ ಎಂದುಕೊಳ್ಳಬೇಡಿ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳ ಲೇಸು ಶಾಲು ಉಂಗುರದೊಳಗೆ ತೂರುವಷ್ಟು ನವಿರು ಎಂದು ಹೆಸರಾಗಿತ್ತು. ಅದನ್ನು ಹೆಣೆದವರಿಗೆ ವ್ಯಾಪಾರಿಗಳು ಹಣ ಕೊಡುತ್ತಿರಲಿಲ್ಲ. ಅಂಗಡಿಯ ಚಹಾ, ಬಟ್ಟೆಯಂಥ ಸಾಮಾನು ಕೊಡುತ್ತಿದ್ದರು. ಕಾಸು ಬೇಕಾದರೆ ಆ ಹೆಂಗಸು ಆ ಸಾಮಾನನ್ನೇ ಇನ್ನೊಬ್ಬರಿಗೆ ಮಾರಿಕೊಳ್ಳಬೇಕು. 1872ರಲ್ಲಿ ಬ್ರಿಟಿಷ್ ಸರ್ಕಾರದ ತನಿಖಾ ಆಯೋಗವೊಂದು ಈ ಪದ್ಧತಿಯ ಬಗ್ಗೆ ವರದಿಯನ್ನೇ ಸಲ್ಲಿಸಿತು.

ಐರ್ಲೆಂಡಿನ ಅರಾನ್ ದ್ವೀಪದ ಸ್ವೆಟರಿನದು ಇನ್ನೊಂದು ಬಗೆ. ಅದರ ಹಗ್ಗದಂಥ ವಿನ್ಯಾಸಗಳು ಒಂದೊಂದು ಮನೆತನಕ್ಕೆ ಒಂದೊಂದು, ಸಮುದ್ರದಲ್ಲಿ ಮುಳುಗಿದ ಬೆಸ್ತನ ಶವವನ್ನು ಅದರಿಂದಲೇ ಗುರುತಿಸುತ್ತಿದ್ದರು ಎಂಬ ಕಥೆಯನ್ನು ನೀವು ಕೇಳಿರಬಹುದು. ಕೇಳಲು ಚೆನ್ನಾಗಿದೆ, ನಿಜವಲ್ಲ. ಆ ಸ್ವೆಟರು ಈ ರೂಪಕ್ಕೆ ಬಂದದ್ದೇ ಇಪ್ಪತ್ತನೆಯ ಶತಮಾನದಲ್ಲಿ. ಕಥೆಯ ಬೀಜ ಇರುವುದು ಜೆ.ಎಂ. ಸಿಂಜ್‌ನ 'ರೈಡರ್ಸ್ ಟು ದ ಸೀ' ನಾಟಕದಲ್ಲಿ. 1904ರಲ್ಲಿ ರಂಗಕ್ಕೆ ಬಂದ ಆ ನಾಟಕದಲ್ಲಿ ತಂಗಿಯೊಬ್ಬಳು ಸತ್ತ ಅಣ್ಣನ ಕಾಲುಚೀಲವನ್ನು ಗುರುತಿಸುತ್ತಾಳೆ. ಮನೆತನದ ಚಿಹ್ನೆಯಿಂದಲ್ಲ, ಹೆಣೆಯುವಾಗ ತನ್ನ ಕೈತಪ್ಪಿ ಬಿಟ್ಟುಹೋದ ಕುಣಿಕೆಗಳ ಲೆಕ್ಕದಿಂದ. ಮಾರುಕಟ್ಟೆಯ ಕಥೆಗಿಂತ ಇದು ಹೆಚ್ಚು ನಿಜ ಎಂದು ನನಗೆ ಅನ್ನಿಸುತ್ತದೆ. ಹೆಣೆದವಳಿಗೆ ತನ್ನ ತಪ್ಪು ಗೊತ್ತಿರುತ್ತದೆ.

ಯುದ್ಧವೂ ಉಲ್ಲನ್ನೂ

ಮಂಕಿಕ್ಯಾಪಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಅಜ್ಜಂದಿರು ಬೇಜಾರಾದಾರು. ಕಣ್ಣು-ಮೂಗು ಬಿಟ್ಟು ತಲೆ, ಕುತ್ತಿಗೆ ಮುಚ್ಚುವ ಈ ಟೋಪಿಗೆ ಇಂಗ್ಲಿಷಿನಲ್ಲಿ ಬಾಲಕ್ಲಾವಾ ಎಂದು ಹೆಸರು. ಅದು ಕ್ರಿಮಿಯಾದ ಒಂದು ಊರು; 1854ರ ಅಕ್ಟೋಬರ್ 25ರಂದು ಅಲ್ಲಿ ಬ್ರಿಟಿಷರಿಗೂ ರಷ್ಯನ್ನರಿಗೂ ಕಾಳಗವಾಯಿತು. ಚಳಿಗೆ ನಡುಗುತ್ತಿದ್ದ ಸೈನಿಕರಿಗೆ ಇಂಗ್ಲೆಂಡಿನಿಂದ ಉಣ್ಣೆಯ ಉಡುಪು ಹೋದದ್ದು ನಿಜ. ಟೋಪಿಗೆ ಈ ಹೆಸರು ಬಂದದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ. ಅದೇ ಕಾಳಗದಲ್ಲಿ ಕುದುರೆಪಡೆ ನಡೆಸಿದ ಲಾರ್ಡ್ ಕಾರ್ಡಿಗನ್ ಹೆಸರು ಎದೆಯ ಮುಂದೆ ಗುಂಡಿಯಿರುವ ಸ್ವೆಟರಿಗೆ ಅಂಟಿತು. ಸೇನಾಪತಿ ಲಾರ್ಡ್ ರಾಗ್ಲನ್ ಹೆಸರು ಕೊರಳಿನಿಂದಲೇ ಇಳಿಯುವ ತೋಳಿಗೆ ಬಂತು. ದಳಪತಿಗಳ ಹೆಸರು ಉಡುಪಿಗೆ ಉಳಿಯಿತು. ಹೆಣೆದವರ ಹೆಸರು ಯಾವುದಕ್ಕೂ ಇಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಕೆಸರಿನ ಕಂದಕಗಳಲ್ಲಿ ದಿನಗಟ್ಟಲೆ ನಿಂತ ಸೈನಿಕರ ಕಾಲು ಕೊಳೆಯುತ್ತಿತ್ತು. ಒಣ ಕಾಲುಚೀಲವೇ ಮದ್ದು. ಆಗ ಬ್ರಿಟನ್, ಅಮೆರಿಕಗಳಲ್ಲಿ ಶಾಲಾ ಮಕ್ಕಳಿಂದ ಮುದುಕಿಯರವರೆಗೆ ಕಡ್ಡಿ ಹಿಡಿದರು. ನಮ್ಮಲ್ಲಿಯೂ 1962ರಲ್ಲಿ ಚೀನಾ ಯುದ್ಧವಾದಾಗ, ಹಿಮಾಲಯದ ಚಳಿಗೆ ತಕ್ಕ ಬಟ್ಟೆಯಿಲ್ಲದೆ ಜವಾನರು ಕಷ್ಟಪಡುತ್ತಿದ್ದಾರೆಂಬ ಸುದ್ದಿ ಬಂದು, ದೇಶದ ಎಷ್ಟೋ ಊರುಗಳ ಹೆಂಗಸರು ಸ್ವೆಟರು ಹೆಣೆದು ಕಳಿಸಿದರು. ನನ್ನ ಅಮ್ಮನೂ ಆಗ ಎರಡು ಹೆಣೆದಳು. ಅಂಗಡಿಗೆ ಕೊಡುವಾಗ ಇಲ್ಲದ ಒಂದು ಗತ್ತು ಅವಳ ಮುಖದಲ್ಲಿದ್ದುದನ್ನು ನಾನು ನೋಡಿದ್ದೇನೆ. ತಾನು ಮಾಡುವುದು ಕೆಲಸ ಎಂದು ಅವಳಿಗೆ ಅನ್ನಿಸಿದ್ದು, ವಿಚಿತ್ರವೆಂದರೆ, ದುಡ್ಡು ತೆಗೆದುಕೊಳ್ಳದೆ ಮಾಡಿದ ಆ ಎರಡು ಸ್ವೆಟರಿನಲ್ಲೇ.

ಈಗಿನ ಸ್ಥಿತಿ

ನಮ್ಮ ಪೇಟೆಗಳಲ್ಲಿ ಚಳಿಗಾಲಕ್ಕೆ ಸ್ವೆಟರಿನ ಅಂಗಡಿ ಹೂಡುವ ಟಿಬೆಟನ್ನರನ್ನು ನೀವೆಲ್ಲ ಬಲ್ಲಿರಿ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದ ನಿರಾಶ್ರಿತರಿಗೆ ಜಮೀನಿನ ಬೇಸಾಯ ಮುಗಿದ ಮೇಲಿನ ತಿಂಗಳುಗಳಲ್ಲಿ ಈ ವ್ಯಾಪಾರ ಆಧಾರವಾಯಿತು. ಟಿಬೆಟನ್ನರ ಸ್ವೆಟರು ಎಂದು ನಾವು ಕೊಳ್ಳುವುದು ಬಹುಪಾಲು ಪಂಜಾಬಿನ ಲುಧಿಯಾನದ ಯಂತ್ರದ ಮಾಲು. ಅಂಗಡಿಯಲ್ಲಿ ನಾವು ಉಲ್ಲನ್ ಎಂದು ಕೇಳಿ ತರುವ ಉಂಡೆಯಲ್ಲಿಯೂ ಹೆಚ್ಚಿನದು ಕುರಿಯ ಮೈ ಕಂಡದ್ದಲ್ಲ. 1950ರ ದಶಕದಿಂದ ಬಳಕೆಗೆ ಬಂದ ಅಕ್ರಿಲಿಕ್ ಎಂಬ ರಾಸಾಯನಿಕ ಎಳೆ ಅದು. ಅಗ್ಗ, ಬಣ್ಣ ಬಿಡದು, ನುಸಿ ತಿನ್ನದು; ಉಣ್ಣೆಯಂತೆ ತೇವ ಹೀರದು, ಬೆಂಕಿಗೆ ಕರಗುತ್ತದೆ. ಹೆಸರು ಮಾತ್ರ ಉಲ್ಲನ್. ಇತ್ತ ನಮ್ಮ ಕುರಿಗಾಹಿಗಳ ಉಣ್ಣೆಗೆ ಗಿರಾಕಿಯಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಹೊಲದಲ್ಲೇ ಬಿಟ್ಟು ಬರುವುದುಂಟು. ಕಂಬಳಿ ನೇಯುವವರ ಮಕ್ಕಳು ಬೇರೆ ಕೆಲಸ ಹುಡುಕಿಕೊಂಡಿದ್ದಾರೆ.

ಹೀಗಿರುವಾಗ ಯಂತ್ರದೊಂದಿಗೆ ಪೈಪೋಟಿ ಮಾಡಿ ಎಂದು ನಾನು ನಿಮಗೆ ಹೇಳಲಾರೆ. ಅದು ಆಗದ ಮಾತು. ಆದರೆ ಒಂದು ಲೆಕ್ಕ ಮಾತ್ರ ಮಾಡಿ ತೋರಿಸುತ್ತೇನೆ, ದಯವಿಟ್ಟು ಗಮನಿಸಿ. ದೊಡ್ಡವರ ಒಂದು ಸ್ವೆಟರಿನ ಎದುರು ಭಾಗ 20 ಅಂಗುಲ ಅಗಲ, 25 ಅಂಗುಲ ಉದ್ದ ಎನ್ನೋಣ: 500 ಚದರ ಅಂಗುಲ. ಬೆನ್ನಿಗೂ ಅಷ್ಟೇ. ತೋಳುಗಳಿಗೆ ಒಂದೊಂದಕ್ಕೆ 250. ಒಟ್ಟು 1,500. ಸಾಧಾರಣ ದಪ್ಪದ ಉಲ್ಲನ್ನಿನಲ್ಲಿ ಅಂಗುಲಕ್ಕೆ 5 ಕುಣಿಕೆ, 7 ಸಾಲು. ಎಂದರೆ ಚದರ ಅಂಗುಲಕ್ಕೆ 35 ಕುಣಿಕೆ. ಪೂರ್ತಿ ಸ್ವೆಟರಿಗೆ 52,500 ಕುಣಿಕೆಗಳು. ಕೈ ಪಳಗಿದವರು ನಿಮಿಷಕ್ಕೆ 30 ಕುಣಿಕೆ ಎಳೆದರೂ 1,750 ನಿಮಿಷ ಬೇಕು. ಕೂಡಿಸುವುದು, ಗುಂಡಿ ಹೊಲಿಯುವುದು, ತಪ್ಪಿದ್ದನ್ನು ಬಿಚ್ಚುವುದು ಬಿಟ್ಟೇ 29 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಮೂರೂವರೆ ದಿನಕ್ಕೂ ಮಿಕ್ಕ ದುಡಿಮೆ.

ನಿಮ್ಮ ಮಗನಿಗೋ ಮೊಮ್ಮಗಳಿಗೋ ಹೆಣೆಯುವಾಗ ಈ ಲೆಕ್ಕ ಬೇಡ. ಅಲ್ಲಿ ಕೊಡುವುದೇ ಸುಖ. ಸಂಜೆ ನಾಲ್ಕು ಜನ ಜಗಲಿಯಲ್ಲಿ ಕೂತು ಕಡ್ಡಿ ಆಡಿಸುತ್ತಾ ಮಾತಾಡುವ ಸಂತೋಷವನ್ನೂ ನಾನು ಅಲ್ಲಗಳೆಯುವುದಿಲ್ಲ. ಕೆಲಸದಲ್ಲಿ ಸಂತೋಷವಿದೆ ಎಂದ ಮಾತ್ರಕ್ಕೆ ಅದು ಕೆಲಸವಲ್ಲ ಎಂದಾಗುವುದಿಲ್ಲ. ಹಾಡುಗಾರರಿಗೂ ಹಾಡುವಾಗ ಸಂತೋಷವೇ ಅಲ್ಲವೇ, ಆದರೂ ಸಂಭಾವನೆ ಕೊಡುತ್ತೇವೆ. ಮಾರುವುದಕ್ಕೆಂದು ಮೇಜಿನ ಮೇಲೆ ಇಟ್ಟ ಮೇಲೆ ಮಾತು ಬೇರೆ. ಮುಂದಿನ ಪ್ರದರ್ಶನದಲ್ಲಿ ಬೆಲೆಯ ಚೀಟಿಯ ಮೇಲೆ ಇನ್ನೊಂದು ಸಾಲು ಸೇರಿಸಿ: 'ಹಿಡಿದ ಹೊತ್ತು: ಇಷ್ಟು ಗಂಟೆ.' ಕೊಳ್ಳುವವರು ಅಷ್ಟು ಕೊಡುತ್ತಾರೋ ಇಲ್ಲವೋ, ನಾನು ಭರವಸೆ ಕೊಡಲಾರೆ. ಆದರೆ ಕಡಮೆಗೆ ಕೇಳುವವರಿಗೆ ತಾವು ಏನನ್ನು ಕಡಮೆಗೆ ಕೇಳುತ್ತಿದ್ದೇವೆಂಬುದಾದರೂ ಗೊತ್ತಾಗುತ್ತದೆ. ಬರೆಯುವ ನಿಮಗೂ ಗೊತ್ತಾಗುತ್ತದೆ.

ನನ್ನ ಅಮ್ಮ ಈಗಿಲ್ಲ. ಆ ಅರ್ಜಿಯೂ ಯಾವ ಕಪಾಟಿನಲ್ಲಿ ಗೆದ್ದಲು ಹಿಡಿಯಿತೋ ತಿಳಿಯದು; ಅದನ್ನು ಇನ್ನು ತಿದ್ದುವಂತಿಲ್ಲ. ನಿಮ್ಮ ಮನೆಯ ಮಕ್ಕಳು ಬರೆಯಬೇಕಾದ ಅರ್ಜಿಗಳು ಇನ್ನೂ ಬೇಕಾದಷ್ಟಿವೆ. ಆ ಕಾಲಂ ಬಂದಾಗ ಪಕ್ಕದಲ್ಲಿ ಕೂತು, ಏನು ಬರೆಯಬೇಕೆಂದು ಅವರಿಗೆ ಹೇಳಿ.